ಕರಡಿ ಅಳಿಯ, ಕಾಗೆ ಬೀಗರು

ನನ್ನ ಅಳಿಯನ ಹೆಸರು ಕರಡಿ. ನಗಬೇಡಿ, ಹೆತ್ತವರು ಪ್ರೀತಿಯಿಂದಲೇ ಇಟ್ಟ ಹೆಸರು ಅದು. ಅವರ ಭಾಷೆಯಲ್ಲಿ ಬ್ಯೋರ್ನ್ ಅಂದರೆ ಕರಡಿ. ಅವನ ಅಪ್ಪ, ಅಂದರೆ ನನ್ನ ಬೀಗರ ಹೆಸರು ಹ್ರಾಪ್ನ್. ಹಾಗೆಂದರೆ ಕಾಗೆ. ನಮ್ಮೂರ ಕಾಗೆಗಿಂತ ಬಹಳ ದೊಡ್ಡದು, ಕೊರಳ ಹತ್ತಿರವೂ ಬೂದು ಬಣ್ಣವಿಲ್ಲದ ಕಡುಗಪ್ಪು ಕಾಗೆ. ಮಗಳು ಮದುವೆಯ ಮಾತು ತೆಗೆದಾಗ ಹುಡುಗ ಐಸ್‌ಲ್ಯಾಂಡ್ ದೇಶದವನು, ಒಳ್ಳೆಯವನು, ಚಹಾ ಚೆನ್ನಾಗಿ ಮಾಡುತ್ತಾನೆ ಎಂದಿದ್ದಳೇ ಹೊರತು ಹೆಸರಿನ ಅರ್ಥ ಹೇಳಿರಲಿಲ್ಲ. ಅದನ್ನು ಅಕ್ಕಿಕಾಳು ಬಿದ್ದ ಮೇಲೆ ಹೇಳಿದಳು.

ಹೋದ ವರ್ಷ ಮೇ ತಿಂಗಳಲ್ಲಿ ಅವಳ ಬಾಣಂತನಕ್ಕೆಂದು ನಾನು ಐಸ್‌ಲ್ಯಾಂಡಿನ ರಾಜಧಾನಿ ರೇಕ್ಯಾವಿಕ್‌ಗೆ ಹೋದೆ. ಚೊಚ್ಚಲ ಹೆರಿಗೆ ತವರುಮನೆಯಲ್ಲಿ ಆಗಬೇಕು. ಮಗಳು ಬರಲಾಗದಿದ್ದರೆ ತವರುಮನೆಯೇ ವಿಮಾನ ಹತ್ತಬೇಕಲ್ಲ. ಹಾವೇರಿ ಜಿಲ್ಲೆಯ ಕನ್ನಡ ಶಾಲೆಗಳಲ್ಲಿ 34 ವರ್ಷ ಪಾಠ ಹೇಳಿದ ನನಗೆ ಬರುವ ಇಂಗ್ಲಿಷು ಅಷ್ಟಕ್ಕಷ್ಟೇ. ಆದರೂ ಅಂಟಿನುಂಡಿಯ ಡಬ್ಬಿ ಹಿಡಿದುಕೊಂಡು ಹೋಗಿಯೇ ಬಿಟ್ಟೆ.

ಜೂನ್ ಎರಡನೇ ವಾರ ಮೊಮ್ಮಗ ಹುಟ್ಟಿದ. ಆ ದಿನಗಳಲ್ಲಿ ಅಲ್ಲಿ ರಾತ್ರಿಯಾದರೂ ಕತ್ತಲಾಗುವುದಿಲ್ಲ. ಸೂರ್ಯ ಹನ್ನೆರಡು ಗಂಟೆಯ ಸುಮಾರಿಗೆ ಸಮುದ್ರದಂಚಿಗೆ ಹೋಗಿ, ಏನೋ ಮರೆತವನ ಹಾಗೆ ಮೂರು ತಾಸಿನೊಳಗೆ ವಾಪಸು ಬರುತ್ತಾನೆ. ಮಗುವಿಗೂ ನಿದ್ದೆಯಿಲ್ಲ, ನನಗೂ ಇಲ್ಲ. ಎತ್ತಿ ಆಡಿಸುತ್ತಾ, "ಇವನಿಗೆ ಹೆಸರೇನು ಇಡ್ತೀರಿ?" ಎಂದು ಕೇಳಿದರೆ ಮಗಳು, ಅಳಿಯ ಇಬ್ಬರೂ ಬಾಯಿ ಬಿಡರು. ಅಲ್ಲಿ ಹಾಗೆಯೇ ಪದ್ಧತಿ. ಹೆಸರಿಡುವ ದಿನದವರೆಗೆ ಹೆಸರನ್ನು ಹೆತ್ತವರು ಗುಟ್ಟಾಗಿ ಇಟ್ಟುಕೊಳ್ಳುವುದೇ ಹೆಚ್ಚು. ಹುಟ್ಟಿದ ಆರು ತಿಂಗಳೊಳಗೆ ಹೆಸರಿಟ್ಟರೆ ಸಾಕು ಎನ್ನುತ್ತದೆ ಕಾನೂನು. ಅಲ್ಲಿಯವರೆಗೆ ಕಾಗದಪತ್ರದಲ್ಲಿ ಬರೀ 'ಹುಡುಗ'.

"ಅವ್ವಾ, ಇಲ್ಲಿ ಹೆಸರಿಗೂ ಕಾನೂನು ಐತಿ," ಎಂದಳು ಮಗಳು.

ಐಸ್‌ಲ್ಯಾಂಡಿನಲ್ಲಿ ಹೆಸರುಗಳ ಒಂದು ಸರ್ಕಾರಿ ಪಟ್ಟಿ ಇದೆ. ಅದರಲ್ಲಿರುವ ಹೆಸರಾದರೆ ಚಿಂತೆಯಿಲ್ಲ. ಇಲ್ಲದ ಹೆಸರಾದರೆ ಮೂವರು ಸದಸ್ಯರ ಒಂದು ಸಮಿತಿ ಕೂತು ವಿಚಾರ ಮಾಡುತ್ತದೆ. 1991ರ ಕಾನೂನಿನಿಂದ ಹುಟ್ಟಿದ ಸಮಿತಿ ಅದು. 'ತಂಗಾಳಿ' ಎಂಬ ಅರ್ಥದ ಹೆಸರನ್ನು ಒಬ್ಬ ಹುಡುಗಿಗೆ ಇಟ್ಟಾಗ, ಆ ಪದ ಅವರ ವ್ಯಾಕರಣದಲ್ಲಿ ಪುಲ್ಲಿಂಗ ಎಂದು ಸಮಿತಿ ಒಪ್ಪಲಿಲ್ಲವಂತೆ. ಆ ಹುಡುಗಿ 15 ವರ್ಷ ದಾಖಲೆಗಳಲ್ಲಿ ಬರೀ 'ಹುಡುಗಿ'ಯಾಗಿಯೇ ಉಳಿದು, 2013ರಲ್ಲಿ ನ್ಯಾಯಾಲಯದಲ್ಲಿ ಗೆದ್ದಳು. ಗಂಡಿಗೆ ಗಂಡಿನ ಹೆಸರು, ಹೆಣ್ಣಿಗೆ ಹೆಣ್ಣಿನ ಹೆಸರು ಎಂಬ ಕಟ್ಟಳೆಯನ್ನೇ 2019ರಲ್ಲಿ ತೆಗೆದುಹಾಕಿದರು.

ಇಷ್ಟೆಲ್ಲ ಬಿಗಿ ಯಾಕೆ ಎಂದು ಕೇಳಿದರೆ ಅಳಿಯ ಒಂದು ಹಾಳೆ ತಂದು ವಿಭಕ್ತಿ ಪ್ರತ್ಯಯದ ಪಾಠ ಶುರು ಮಾಡಿದ! ನನಗೆ ಹಬ್ಬವಾಯಿತು. ನಾವು ರಾಮನು, ರಾಮನನ್ನು, ರಾಮನಿಗೆ, ರಾಮನ ಎನ್ನುವ ಹಾಗೆ ಅವರ ಭಾಷೆಯಲ್ಲೂ ಹೆಸರಿಗೆ ವಿಭಕ್ತಿ ಹತ್ತುತ್ತದೆ. ನಮ್ಮಲ್ಲಿ ಬಾಲ ಮಾತ್ರ ಬದಲಾದರೆ ಅಲ್ಲಿ ಕೆಲವು ಹೆಸರುಗಳ ಹೊಟ್ಟೆಯೂ ಬದಲಾಗುತ್ತದೆ. ಎಗಿಲ್ ಎಂಬವನು ಒಂದು ವಿಭಕ್ತಿಯಲ್ಲಿ 'ಆಗ್ಲಿ' ಆಗುತ್ತಾನೆ. ಅರ್ನ್ ಎಂದರೆ ಹದ್ದು. 'ಹದ್ದಿನ' ಎನ್ನಬೇಕಾದರೆ 'ಆರ್ನರ್'. ಹೊಸ ಹೆಸರು ಬಂದರೆ ಅದಕ್ಕೂ ಹೀಗೆ ವಿಭಕ್ತಿ ಹತ್ತಬೇಕು, ಅವರ ಅಕ್ಷರಗಳಲ್ಲಿ ಬರೆಯಲು ಬರಬೇಕು. ಇಡೀ ದೇಶದ ಜನಸಂಖ್ಯೆ ನಾಲ್ಕು ಲಕ್ಷವೂ ಇಲ್ಲ. ಅಷ್ಟು ಜನ ಆಡುವ ಭಾಷೆ ಸವೆದು ಹೋಗಬಾರದೆಂಬ ಕಾಳಜಿ. ಅತಿಯಾಯಿತು ಎನ್ನುವವರು ಅಲ್ಲಿಯೇ ಬೇಕಾದಷ್ಟು ಇದ್ದಾರೆ. ಕನ್ನಡದ ಮಾಸ್ತರಿಣಿಯಾದ ನನಗೆ ಮಾತ್ರ ಆ ಸಮಿತಿಯ ಮೇಲೆ ಸಿಟ್ಟು ಬರಲಿಲ್ಲ.

ಅವರಲ್ಲಿ ಬಹುತೇಕ ಯಾರಿಗೂ ಮನೆತನದ ಹೆಸರಿಲ್ಲ. ಅಪ್ಪನ ಹೆಸರಿಗೆ ಮಗನಾದರೆ 'ಸನ್', ಮಗಳಾದರೆ 'ದೋತ್ತಿರ್' ಸೇರಿಸುತ್ತಾರೆ. ಅಮ್ಮನ ಹೆಸರಿಗೂ ಸೇರಿಸಬಹುದು. 1980ರಲ್ಲಿ ಜನರ ಮತದಿಂದ ರಾಷ್ಟ್ರಾಧ್ಯಕ್ಷೆಯಾದ ವಿಗ್ದಿಸ್ ಫಿನ್‌ಬೋಗದೋತ್ತಿರ್ ಅಂದರೆ ಫಿನ್‌ಬೋಗಿಯ ಮಗಳು ವಿಗ್ದಿಸ್, ಅಷ್ಟೇ. ಹಾಗೆ ಆರಿಸಿಬಂದ ಮಹಿಳಾ ರಾಷ್ಟ್ರಾಧ್ಯಕ್ಷರಲ್ಲಿ ಜಗತ್ತಿಗೇ ಅವರು ಮೊದಲಿಗರು. ಅವರನ್ನೂ ಜನ ವಿಗ್ದಿಸ್ ಎಂದೇ ಕರೆಯುತ್ತಾರೆ. ಡಾಕ್ಟರು, ಮಾಸ್ತರು, ಮಂತ್ರಿ, ಯಾರೇ ಇರಲಿ, ಹೆಸರು ಹಿಡಿದೇ ಕರೆಯುವುದು. ಫೋನ್ ಡೈರೆಕ್ಟರಿಯೂ ಮೊದಲ ಹೆಸರಿನ ಅಕ್ಷರಮಾಲೆಯಲ್ಲೇ ಇರುತ್ತಿತ್ತಂತೆ. ಬೀಗರು ನಾನು ಹೋದ ದಿನವೇ ನನ್ನನ್ನು ಹೆಸರಿನಿಂದ ಕರೆದರು. 'ಟೀಚರ್', 'ಅಕ್ಕೋರ', 'ಅವ್ವಾರ' ಎಂದು ಕೇಳಿ ರೂಢಿಯಾದ ಕಿವಿಗೆ ಯಾರೋ ಬೇರೆಯವರನ್ನು ಕರೆದಂತಾಯಿತು.

ಬೀಗರು ನಿವೃತ್ತ ಅಂಚೆಯಣ್ಣ. ಮೂವತ್ತು ವರ್ಷ ಮನೆಮನೆಗೆ ಕಾಗದ ಹಂಚಿದವರಿಗೆ ಹೆಸರಿನ ಹುಚ್ಚು ಹಿಡಿಯದೆ ಇರುತ್ತದೆಯೇ? ಸಂಜೆ ಮಗುವನ್ನು ಗಾಡಿಯಲ್ಲಿ ಮಲಗಿಸಿ ನಾವೆಲ್ಲ ತಿರುಗಾಡಲು ಹೊರಟರೆ ದಾರಿಯುದ್ದಕ್ಕೂ ಅವರದು ಹೆಸರಿನದೇ ಕಥೆ. ಅವರ ಮಾತನ್ನು ಮಗಳು ಕನ್ನಡಕ್ಕೆ ತರುತ್ತಿದ್ದಳು.

"ಕಾಗೆ ಅಂತ ಯಾರಾದರೂ ಹೆಸರಿಡ್ತಾರೇನು?" ಎಂದು ಒಂದು ದಿನ ಧೈರ್ಯ ಮಾಡಿ ಕೇಳಿದೆ. ಅವರು ನಕ್ಕರು. ಆ ದೇಶ ಜನರ ಕಣ್ಣಿಗೆ ಬಿದ್ದದ್ದೇ ಕಾಗೆಯಿಂದ ಎಂದರು. ಸಾವಿರದ ನೂರಕ್ಕೂ ಹೆಚ್ಚು ವರ್ಷದ ಹಿಂದೆ ಫ್ಲೋಕಿ ಎಂಬ ನಾವಿಕ ಮೂರು ಕಾಗೆಗಳನ್ನು ಹಡಗಿನಲ್ಲಿಟ್ಟುಕೊಂಡು ಹೊರಟನಂತೆ. ನಡುಸಮುದ್ರದಲ್ಲಿ ಬಿಟ್ಟ ಮೊದಲ ಕಾಗೆ ಬಂದ ದಾರಿಗೇ ಹಾರಿಹೋಯಿತು. ಎರಡನೆಯದು ಮೇಲೆ ಸುತ್ತಿ ಹಡಗಿಗೇ ಇಳಿಯಿತು. ಮೂರನೆಯದು ನೇರ ಮುಂದಕ್ಕೆ ಹಾರಿತು; ಆ ದಿಕ್ಕಿಗೆ ಹೋದರೆ ಭೂಮಿ ಸಿಕ್ಕಿತು. ಅಲ್ಲಿನ ಮಂಜುಗಡ್ಡೆ ನೋಡಿ ಐಸ್‌ಲ್ಯಾಂಡ್ ಎಂದು ಹೆಸರಿಟ್ಟವನೂ ಅವನೇ. ಅವರ ಹಳೆಯ ದೇವರು ಓದಿನ್‌ನ ಹೆಗಲ ಮೇಲೆ ಕೂರುವುದೂ ಎರಡು ಕಾಗೆಗಳೇ. ಒಂದರ ಹೆಸರು ಯೋಚನೆ, ಇನ್ನೊಂದರದು ನೆನಪು. ಪಕ್ಷದ ಹಬ್ಬದಲ್ಲಿ ಹಿರಿಯರ ಹೆಸರಿನಲ್ಲಿ ಕಾಗೆಗೆ ಅನ್ನ ಇಡುವ ನನಗೆ ಆ ನೆನಪಿನ ಕಾಗೆ ಬಹಳ ಸೇರಿತು. ಅಂದಿನಿಂದ ಬೀಗರ ಹೆಸರಿಗೆ ನಗಲಿಲ್ಲ.

ಆಮೇಲೆ ನಾನೂ ಹೆಸರುಗಳ ಸಮಾಸ ಬಿಡಿಸತೊಡಗಿದೆ. ಅಲ್ಲಿನ ಹಳೆಯ ಗಂಡುಹೆಸರುಗಳು ಹೆಚ್ಚಾಗಿ ಎರಡು ಪದ ಕೂಡಿ ಆದವು. ಸಿಗುರ್ದುರ್: ಗೆಲುವು ಮತ್ತು ಕಾವಲುಗಾರ. ನಮ್ಮ ಜಯಪಾಲ! ಗುದ್ಮುಂದುರ್: ದೇವರು ಮತ್ತು ರಕ್ಷಣೆ. ಗುನ್ನಾರ್: ಕಾಳಗ ಮತ್ತು ಯೋಧ, ಅಂದರೆ ರಣವೀರ. ಓಲಾಫುರ್ ಎಂದರೆ ಹಿರಿಯರು ಉಳಿಸಿ ಹೋದವನು. ಉಲ್ಫುರ್ ಎಂದರೆ ತೋಳ. ನಮ್ಮ ಭೀಮನಿಗೂ ವೃಕೋದರ, ತೋಳನ ಹೊಟ್ಟೆಯವನು ಎಂಬ ಹೆಸರಿಲ್ಲವೇ? ಅರಿ ಎಂಬ ಹೆಸರು ಕೇಳಿ ಮಾತ್ರ ಬೆಚ್ಚಿದೆ. ಸಂಸ್ಕೃತದಲ್ಲಿ ಅರಿ ಎಂದರೆ ಶತ್ರು. ಅಲ್ಲಿ ಅದರರ್ಥ ಹದ್ದು. ಆ ದೇಶದ ಮೊದಲ ಚರಿತ್ರೆಯನ್ನು ಅವರ ಭಾಷೆಯಲ್ಲೇ ಬರೆದವನು ಹನ್ನೆರಡನೆಯ ಶತಮಾನದ ಅರಿ. ಅವನನ್ನು ಜನ 'ಜ್ಞಾನಿ ಅರಿ' ಎಂದು ಕರೆದರು. ಕನ್ನಡದಲ್ಲಿ ಅರಿ ಎಂದರೆ ತಿಳಿ ಎಂದೂ ಅರ್ಥ ಎಂದಾಗ ಬೀಗರು ಜೇಬಿನಿಂದ ಸಣ್ಣ ಪುಸ್ತಕ ತೆಗೆದು ಬರೆದುಕೊಂಡರು.

ಹೀಗೆ ಒಂದು ಸಂಜೆ ಊರ ನಡುವಿನ ದಿಬ್ಬದ ಮೇಲಿರುವ ಹಾಲ್‌ಗ್ರಿಮುರ್ ಚರ್ಚಿನವರೆಗೆ ನಡೆದೆವು. 74 ಮೀಟರಿಗೂ ಎತ್ತರದ ಗೋಪುರ. ಜ್ವಾಲಾಮುಖಿಯ ಶಿಲೆ ತಣಿದು ಕಂಬಕಂಬವಾಗಿ ನಿಲ್ಲುತ್ತದಲ್ಲ, ಅದೇ ಮಾದರಿಯಲ್ಲಿ ಕಟ್ಟಿದ್ದಾರೆ. ಹದಿನೇಳನೆಯ ಶತಮಾನದ ಕವಿಯೊಬ್ಬನ ಹೆಸರು ಅದು. ಬಿಡಿಸಿದರೆ ಬಂಡೆ ಮತ್ತು ಮುಖವಾಡ.

"ಕಲ್ಲಿನ ಹೆಸರು ನಮ್ಮಲ್ಲಿ ಬಹಳ," ಎಂದು ಬೀಗರು ಬೆರಳು ಮಡಿಸುತ್ತಾ ಹೋದರು. ಥೋರ್‌ಸ್ಟೇನ್, ಗುಡುಗಿನ ದೇವರ ಕಲ್ಲು. ವೇಸ್ಟೇನ್, ಪವಿತ್ರವಾದ ಕಲ್ಲು. ಸ್ಟೇನ್‌ಗ್ರಿಮುರ್, ಸ್ಟೇನ್‌ಥೋರ್, ಸ್ಟೇನಾರ್. ಬರೀ ಸ್ಟೇನ್ ಎಂದರೆ ಬರೀ ಕಲ್ಲು. 1908ರಲ್ಲಿ ಹುಟ್ಟಿದ ಅವರ ದೊಡ್ಡ ಕವಿಯೊಬ್ಬ ತನಗೆ ತಾನೇ ಇಟ್ಟುಕೊಂಡ ಕಾವ್ಯನಾಮ ಸ್ಟೇನ್ ಸ್ಟೇನಾರ್. ಕಲ್ಲಿಗೆ ಇನ್ನೊಂದು ಕಲ್ಲು! ಬೀಗರು ಹೆಮ್ಮೆಯಿಂದ ಹೇಳುತ್ತಿದ್ದರು. ನಾನು ಮಗಳ ಕಡೆ ನೋಡಿದೆ. ಅವಳು ನನ್ನನ್ನು ನೋಡಲಿಲ್ಲ. ಬಗ್ಗಿ ಮಗುವಿನ ಹೊದಿಕೆ ಸರಿ ಮಾಡಿದಳು. ಅದು ಸರಿಯಾಗಿಯೇ ಇತ್ತು.

ಇಲ್ಲಿ ನಮ್ಮ ಮನೆಯವರ ಹೆಸರು ಬರೆಯಬೇಕು, ಆದರೆ ಕೈ ಓಡುತ್ತಿಲ್ಲ. ಗಂಡನ ಹೆಸರು ಹೇಳಬಾರದೆಂದು ಕಲಿತ ಕಾಲದವಳು ನಾನು. ರೇಷನ್ ಕಾರ್ಡಿನವನು ಕೇಳಿದರೂ ಪಕ್ಕದವರ ಕಡೆ ನೋಡುತ್ತಿದ್ದೆ. ಮಕ್ಕಳೇ, ನಿಮ್ಮ ಅಜ್ಜಿಯನ್ನು ಕೇಳಿ ನೋಡಿ, ಎಷ್ಟು ಜನ ಹೇಳುತ್ತಾರೋ! ನಮ್ಮ ಕಡೆ ಮದುವೆ, ಸೀಮಂತಗಳಲ್ಲಿ ಒಡಪು ಹಾಕಿ ಹೇಳುವುದುಂಟು, ಅಷ್ಟೇ. ನಾನು ಹೇಳಿದ್ದು ಎರಡು ಸಲ. ಇಷ್ಟು ಹೇಳುತ್ತೇನೆ: ನಮ್ಮೂರ ದೇವರು ಕಲ್ಮೇಶ್ವರ. ಆ ದೇವರ ಹೆಸರನ್ನೇ ಊರಿನ ಅರ್ಧ ಗಂಡುಮಕ್ಕಳಿಗೆ ಇಟ್ಟಿದ್ದಾರೆ. ಅವರಲ್ಲಿ ಇವರೂ ಒಬ್ಬರು.

ಮಗಳು ಪೇಟೆಯ ಶಾಲೆಗೆ ಸೇರಿದಾಗ ಹುಡುಗಿಯರು ಆ ಹೆಸರು ಹಿಡಿದು ಕಾಡಿದರು. 'ಕಲ್ಲಿನ ಮಗಳು, ಕಲ್ಲುಗುಂಡು' ಎಂದು. ಎಂಟನೇ ಇಯತ್ತೆಯಲ್ಲಿದ್ದಾಗ ಒಂದು ದಿನ ಪ್ರಗತಿಪತ್ರ ತಂದು ಅಪ್ಪನ ಮುಂದೆ ಹಿಡಿದು, "ಅಪ್ಪಾ, ನಿನ್ನ ಹೆಸರು ಪೂರಾ ಬರೀಬ್ಯಾಡ, ಬರೇ 'ಕ' ಅಂತ ಬರಿ," ಎಂದಳು. ಅವರು ಒಂದು ಗಳಿಗೆ ಪೆನ್ನು ಹಿಡಿದು ಕೂತು 'ಕ' ಬರೆದು ಚುಕ್ಕೆ ಇಟ್ಟರು. ಏನೂ ಅನ್ನಲಿಲ್ಲ. ಆದರೆ ಅಂದಿನಿಂದ ಅವಳ ಶಾಲೆಯ ಯಾವ ಕಾಗದದ ಮೇಲೂ ಪೂರ್ಣ ಹೆಸರು ಬರೆಯಲಿಲ್ಲ. ನಾನೂ ಮಾಸ್ತರಿಣಿ, ಅವತ್ತು ಅವಳಿಗೆ ಎರಡು ಮಾತು ಹೇಳಬೇಕಿತ್ತು. ನಾನೂ ಸುಮ್ಮನಿದ್ದೆ.

ಮುಂದೆ ಪಾಸ್‌ಪೋರ್ಟ್ ಮಾಡಿಸುವಾಗ ಆ 'ಕ'ವನ್ನು ಬಿಡಿಸಿ ಬರೆಯಲೇಬೇಕಾಯಿತು. ಹಾಗೆ ಅಪ್ಪನ ಹೆಸರು ಅವಳ ಹೆಸರಿನ ಕೊನೆಗೆ ಬಂದು ಕೂತಿತು. ಓದಿದ ದೇಶ, ಕೆಲಸ ಮಾಡಿದ ದೇಶಗಳಲ್ಲಿ ಎಲ್ಲರೂ ಇದು ನಿಮ್ಮ ಮನೆತನದ ಹೆಸರೇ ಎಂದು ಕೇಳುವವರೇ. ರೇಕ್ಯಾವಿಕ್‌ನಲ್ಲಿ ಮಾತ್ರ ಕಚೇರಿಯ ಹೆಣ್ಣುಮಗಳು "ಅಪ್ಪನ ಹೆಸರೇ? ನಮ್ಮ ಹಾಗೆಯೇ," ಎಂದು ಬರೆದುಕೊಂಡಳಂತೆ. ಇದನ್ನು ಅಪ್ಪನಿಗೆ ಹೇಳಬೇಕು ಎಂದುಕೊಂಡಳು. ಹೇಳುವಷ್ಟರಲ್ಲಿ 2021 ಬಂತು, ಅವರು ಹೋದರು.

ಇನ್ನೊಂದು ಕಡೆ ಬೀಗತಿ ದಿನಾ ಬೆಳಿಗ್ಗೆ ನನ್ನನ್ನೂ ಮಗಳನ್ನೂ ಕೇಳುತ್ತಿದ್ದರು: "ಕನಸು ಬಿತ್ತೇ?" ತೀರಿಕೊಂಡ ಹಿರಿಯರು ಕನಸಿನಲ್ಲಿ ಬಂದು ಹುಟ್ಟುವ ಮಗುವಿಗೆ ತಮ್ಮ ಹೆಸರು ಕೇಳುತ್ತಾರೆ ಎಂಬ ನಂಬಿಕೆ ಐಸ್‌ಲ್ಯಾಂಡಿನಲ್ಲಿದೆ. ನಮ್ಮಲ್ಲೂ ಅಜ್ಜ ಮತ್ತೆ ಹುಟ್ಟಿ ಬಂದ ಎನ್ನುವುದಿಲ್ಲವೇ? ನನಗೆ ಒಂದು ರಾತ್ರಿ ಕನಸು ಬಿದ್ದದ್ದು ನಿಜ. ಇವರು ಚಪ್ಪಲಿ ಕೈಯಲ್ಲಿ ಹಿಡಿದು ಹೊಸ್ತಿಲ ಹೊರಗೆ ನಿಂತಿದ್ದರು. ಒಳಗೆ ಬನ್ನಿ ಎಂದರೂ ಬರಲಿಲ್ಲ. ಹೆಸರು ಗಿಸರು ಏನೂ ಕೇಳಲಿಲ್ಲ. ರಾತ್ರಿ ತಿಂದ ಬದನೆಕಾಯಿ ಪಲ್ಯದ್ದೂ ಇದ್ದೀತು. ಆದರೆ ಬೀಗತಿ ಅದನ್ನು ಕೇಳಿ ಮಗಳ ಕೈ ಹಿಡಿದು ಏನೋ ಹೇಳಿದರು. ಅದನ್ನು ಮಾತ್ರ ಮಗಳು ಕನ್ನಡಕ್ಕೆ ತರಲಿಲ್ಲ.

ಜುಲೈ ಕೊನೆಯ ಭಾನುವಾರ ಮನೆಯಲ್ಲೇ ಹೆಸರಿಡುವ ಹಬ್ಬ. ಬೀಗತಿ ದೋಸೆಯಂಥ ತೆಳು ಪ್ಯಾನ್‌ಕೇಕ್ ಹುಯ್ದು ಸಕ್ಕರೆ ಉದುರಿಸಿ ಸುತ್ತಿಟ್ಟರು. ನಾನು ಕಡಲೆಬೇಳೆ ಹೋಳಿಗೆ ಮಾಡಿದೆ. ತಟ್ಟೆಯಲ್ಲಿ ಅಕ್ಕಿ ಹರಡಿ ಇಟ್ಟಿದ್ದೆ. ಮಗಳು ಬಂದು ನನ್ನ ಉಂಗುರ ತೆಗೆದುಕೊಂಡು ಅಕ್ಕಿಯ ಮೇಲೆ ಮೊದಲು ಅವರ ಅಕ್ಷರದಲ್ಲಿ ಬರೆದಳು: ಸ್ಟೇನ್. ಅದರ ಕೆಳಗೆ ಕನ್ನಡದಲ್ಲಿ ಅವಳ ಅಪ್ಪನ ಹೆಸರು ಬರೆದಳು. ಪೂರ್ತಿ, ನಾಲ್ಕೂ ಕಡೆಯಿಂದ ಎಲ್ಲರಿಗೂ ಕಾಣುವಷ್ಟು ದೊಡ್ಡದಾಗಿ.

ಕಾನೂನಿನಲ್ಲಿ ಅದಕ್ಕೆ ಅವಕಾಶವಿದೆಯಂತೆ. ಹೆತ್ತವರಲ್ಲಿ ಒಬ್ಬರು ಪರದೇಶದವರಾದರೆ ಅವರ ನಾಡಿನಲ್ಲಿ ನಡೆಯುವ ಹೆಸರೊಂದನ್ನು ಮಗುವಿಗೆ ಇಡಬಹುದು. ಜೊತೆಗೆ ಅಲ್ಲಿನ ಭಾಷೆಗೆ ಹೊಂದುವ ಒಂದು ಹೆಸರು ಇರಲೇಬೇಕು. ಹೊಂದುವ ಹೆಸರು ಸ್ಟೇನ್. ಹೊಂದದ ಹೆಸರಿಗೂ ಅರ್ಥ ಅದೇ.

"ಅವ್ವಾ," ಎಂದಳು ಮಗಳು ಮೆಲ್ಲಗೆ, "ಮುಂದ ಇವನಿಗೆ ಹೆಣ್ಣ ಹುಟ್ಟಿದ್ರ ಅಕಿ ಹೆಸರಿನ ಕೊನೀಗೆ ಏನ ಬರ್ತೈತಿ ಗೊತ್ತೇನು? ಸ್ಟೇನ್ಸ್‌ದೋತ್ತಿರ್." ನನಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಕಲ್ಲಿನ ಮಗಳು.

ನಮ್ಮ ಪದ್ಧತಿಯಂತೆ ಅಳಿಯನ ತಂಗಿಯನ್ನು ಕರೆದು, ಮಗುವಿನ ಕಿವಿಯಲ್ಲಿ 'ಕುರ್‌ರ್' ಎಂದು ಹೆಸರು ಹೇಳಲು ಕಲಿಸಿದೆವು. ಹೇಳಿದ ಕೂಡಲೇ ಬೆನ್ನಿಗೆ ಗುದ್ದು ಬೀಳುತ್ತದೆಂದು ಮಾತ್ರ ಕಲಿಸಿರಲಿಲ್ಲ. ಪಾಪ, ಬೆದರಿಬಿಟ್ಟಳು. ಆಮೇಲೆ ಕಾಗದದ ಮೇಲೆ ಇಂಗ್ಲಿಷಿನಲ್ಲಿ ಬರೆದ ಎರಡನೆಯ ಹೆಸರನ್ನು ಓದಲು ಎಲ್ಲರ ಸರದಿ. ಅವರ ನಾಲಿಗೆಯಲ್ಲಿ ಎರಡು 'ಲ' ಕೂಡಿದರೆ 'ಟ್ಲ' ಆಗುತ್ತದೆ, ಎರಡು 'ಪ' ಕೂಡಿದರೆ ನಡುವೆ ಉಸಿರು ಹೊರಡುತ್ತದೆ. 'ಕಟ್ಲಾಹ್ಪ' ಎಂದರು ಬೀಗರು ಗಂಭೀರವಾಗಿ. ನಮ್ಮ ಮನೆಯವರು ಕೇಳಿದ್ದರೆ ಹೊಟ್ಟೆ ಹಿಡಿದು ನಗುತ್ತಿದ್ದರು. ಬೀಗತಿ ಇನ್ನೊಂದು ಮಾತು ಹೇಳಿದರು. ಆ ಹೆಸರಿನ ಮೊದಲ ಭಾಗ ಅವರ ಭಾಷೆಯಲ್ಲೂ ಒಂದು ಮಾತು. ಅದರರ್ಥ: ಕರೆ, ಕೂಗು.

"ಈಗ ಅಜ್ಜಿ ಕರೀಬೇಕು," ಎಂದಳು ಮಗಳು.

ಎಲ್ಲರೂ ನನ್ನ ಕಡೆ ನೋಡಿದರು. ಗಂಡ ಹೋದವರು ಒಡಪು ಹಾಕುವುದಿಲ್ಲ. ಊರಲ್ಲಾಗಿದ್ದರೆ ನಾನು ತೊಟ್ಟಿಲ ಹತ್ತಿರವೂ ನಿಲ್ಲುತ್ತಿರಲಿಲ್ಲ, ಹಿಂದಿನ ಕೋಣೆಯಲ್ಲಿ ಹೋಳಿಗೆ ಎಣಿಸುತ್ತಿದ್ದೆ. ಅಲ್ಲಿ ನನ್ನನ್ನು ತಡೆಯುವವರು ನನ್ನನ್ನು ಬಿಟ್ಟರೆ ಯಾರೂ ಇರಲಿಲ್ಲ. ಗಂಟಲು ಕಟ್ಟಿತ್ತು. ಮಗುವನ್ನು ಎತ್ತಿಕೊಂಡು ಅಂದೆ:

"ದೂರದ ನಾಡಾಗ ದೇವರು ಕೊಟ್ಟಾನ ಬೆಲ್ಲದ ಅಚ್ಚು,
ಕಲ್ಲಪ್ಪನವರ ಹೆಸರ ಹೇಳತೀನಿ, ಅವರಂದ್ರ ನನಗ ಅಚ್ಚುಮೆಚ್ಚು."

ಕರಡಿ ಅಳಿಯ, ಕಾಗೆ ಬೀಗರು, ಬಂದ ನೆಂಟರು ಎಲ್ಲ ಅರ್ಥವಾಗದಿದ್ದರೂ ಚಪ್ಪಾಳೆ ತಟ್ಟಿದರು. ಅಚ್ಚುಮೆಚ್ಚು ಎಂದರೇನು ಎಂದು ಬೀಗರು ಸಣ್ಣ ಪುಸ್ತಕ ತೆಗೆದರು. ಮಗಳು ಹೇಳಲು ಹೋಗಿ ಹೇಳಲಾರದೆ ಅಡುಗೆಮನೆಗೆ ಎದ್ದು ಹೋದಳು.

ಈಗ ನಾನು ಊರಲ್ಲಿದ್ದೇನೆ. ಮೊಮ್ಮಗನಿಗೆ ಹತ್ತು ತಿಂಗಳು. ಅಪ್ಪ ಸ್ಟೇನ್ ಎಂದರೆ ಒಂದು ಕಡೆ ತಿರುಗುತ್ತಾನೆ, ಫೋನಿನಲ್ಲಿ ನಾನು ಕಲ್ಲಪ್ಪಾ ಎಂದು ಕೂಗಿದರೆ ಇನ್ನೊಂದು ಕಡೆ. ಮೊದಮೊದಲು ಕೂಗಿದ ಮೇಲೆ ಯಾರಾದರೂ ಕೇಳಿಸಿಕೊಂಡರೋ ಎಂದು ಬಾಗಿಲ ಕಡೆ ನೋಡುತ್ತಿದ್ದೆ. ಒಂದು ದಿನ ಪಕ್ಕದ ಮನೆಯ ಮುದುಕಿ ನಿಜವಾಗಿಯೂ ಕೇಳಿಸಿಕೊಂಡು ಓಡಿ ಬಂದಳು. "ಯವ್ವಾ, ಯಾರನ್ನ ಕರ್ಯಾಕತ್ತಿ?" ಎಂದಳು, ಮುಖ ಬಿಳಿಚಿಕೊಂಡಿತ್ತು. ಫೋನು ಅವಳ ಕಡೆ ತಿರುಗಿಸಿದೆ. ಕಣ್ಣು ಕಿರಿದು ಮಾಡಿಕೊಂಡು ಬಹಳ ಹೊತ್ತು ನೋಡಿದಳು.

"ಬಣ್ಣ ಒಂದ ಅವ್ರದ ಅಲ್ಲ," ಎಂದಳು. "ಮೂಗು ಥೇಟ ಅವ್ರದ ಐತಿ ನೋಡು."